ಸಹಾಯ ಬೇಕು: ಎಲೆಕ್ಟ್ರಾನಿಕ್ ಕೊಳಲಿನಲ್ಲಿ ಗಮಕ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಪಿವಿಸಿ ಪೈಪಿನಲ್ಲಿ, ಕರ್ನಾಟಕ ಸಂಗೀತದ 8 ತೂತಿನ ಕೊಳಲಿನ ಅಳತೆಗೇ ಒಂದು ಮಿಡಿ ಕಂಟ್ರೋಲರ್ (ತಾನೇ ದನಿ ಮಾಡದೆ, ಯಾವ ಸ್ವರ ನುಡಿಸಬೇಕೆಂದು ಕಂಪ್ಯೂಟರಿಗೋ ಸಿಂಥಸೈಜರಿಗೋ ಹೇಳುವ ಸಾಧನ) ಮಾಡುತ್ತಿದ್ದೇನೆ. ಇದನ್ನು ನಡೆಸುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ಪ್ರೊ ಮೈಕ್ರೊ, 5 ವೋಲ್ಟಿನದು. ಉಸಿರಿಗೆ ಎಂಪಿಎಕ್ಸ್ 5010 ಪ್ರೆಷರ್ ಸೆನ್ಸರ್. ಬೆರಳಿಗೆ ಎಂಪಿಆರ್ 121 ಟಚ್ ಚಿಪ್, ತೂತಿನ ಜಾಗದಲ್ಲಿ ತಾಮ್ರದ ಟೇಪಿನ ತುಂಡುಗಳು.

ಊದಿದರೆ ಸ್ವರ ಬರುತ್ತದೆ. ಜೋರಾಗಿ ಊದಿದರೆ ಸಿಸಿ 2ರಲ್ಲಿ (ಉಸಿರಿನ ಬಲ ತಿಳಿಸುವ ಮಿಡಿ ಸಂದೇಶ) ದನಿ ಏರುತ್ತದೆ. ಅಷ್ಟರ ಮಟ್ಟಿಗೆ ಖುಷಿ. ಆದರೆ ಬೆರಳನ್ನು ಅರ್ಧ ಸರಿಸಿದರೆ ಸ್ವರ ಜಾರಬೇಕು ಅಲ್ವಾ? ಇಲ್ಲಿ ಟಕ್ ಅಂತ ಹಾರುತ್ತದೆ, ಹಾರ್ಮೋನಿಯಂ ಥರ. ತೋಡಿ ರಾಗದ ಗಾಂಧಾರ ಅಂತೂ ಕೇಳುವ ಹಾಗಿಲ್ಲ!

ಮುಟ್ಟಿದೆಯೋ ಇಲ್ಲವೋ ಅಂತ ಮಾತ್ರ ನೋಡುವ ಬದಲು, ಚಿಪ್ಪಿನ ಫಿಲ್ಟರ್ಡ್ ಡೇಟಾ (ಬೆರಳು ಎಷ್ಟು ಮುಚ್ಚಿದೆ ಎಂಬುದರ ಜೊತೆ ಬದಲಾಗುವ ಅಂಕಿ) ಓದಿ ಪಿಚ್ ಬೆಂಡ್‌ಗೆ, ಅಂದರೆ ಸ್ವರವನ್ನು ಜಾರಿಸುವ ಮಿಡಿ ಸಂದೇಶಕ್ಕೆ, ಕೊಡೋಣ ಅಂತಿದ್ದೇನೆ. ತೊಂದರೆ ಏನೆಂದರೆ ಬೆರಳು ಬೆವರಿದರೆ ಅಂಕಿಗಳೇ ಬದಲಾಗುತ್ತವೆ. ಯಾರಾದರೂ ಇದನ್ನು ಮಾಡಿದ್ದೀರಾ? ಟೇಪನ್ನು ತ್ರಿಕೋನವಾಗಿ ಕತ್ತರಿಸಿದರೆ ಉಪಯೋಗ ಆಗುತ್ತದಾ?

ಇನ್ನೊಂದು ವಿಷಯ. ನಳಿಕೆಯಲ್ಲಿ ಎಂಜಲು ಇಳಿದು ಸೆನ್ಸರ್ ಹತ್ತಿರ ಹೋಗುತ್ತದೆ. ಅದು ಹೊರಹೋಗಲಿ ಅಂತ ಟಿ ಜಾಯಿಂಟ್ ಹಾಕಿ ಒಂದು ಬದಿ ತೆರೆದಿಟ್ಟರೆ ಗಾಳಿ ಜಾಸ್ತಿ ಸೋರಿ ಒತ್ತಡ ಸಾಲುವುದಿಲ್ಲ. ಆ ತೂತು ಎಷ್ಟು ಸಣ್ಣದಿರಬೇಕು? ಕೋಡ್, ವೈರಿಂಗ್ ಫೋಟೊ ಬೇಕಿದ್ದರೆ ಹೇಳಿ, ಹಾಕುತ್ತೇನೆ.