ಜಾಗಿಂಗ್‌ ಮಾಡಿದರೆ ಎಷ್ಟು ಕ್ಯಾಲರಿ ಖರ್ಚು? ಟ್ರೆಡ್‌ಮಿಲ್ ಒಂದು ಹೇಳುತ್ತೆ, ವಾಚ್ ಇನ್ನೊಂದು

ಪ್ರಶ್ನೆ: ತೂಕ 70 ಕೆ.ಜಿ. ಟ್ರೆಡ್‌ಮಿಲ್ ಮೇಲೆ ಗಂಟೆಗೆ 8 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ಓಡ್ತೀನಿ. ಮಷಿನ್ 315 ತೋರಿಸುತ್ತೆ, ಸ್ಮಾರ್ಟ್‌ವಾಚ್ 400 ದಾಟುತ್ತೆ. ಯಾವುದನ್ನು ನಂಬಲಿ? ವೇಗ ಹೆಚ್ಚಿಸಿದರೆ ಲಾಭ ಇದೆಯಾ?

ಉತ್ತರ: ತೂಕವನ್ನು ದೂರದಿಂದ ಗುಣಿಸಿ ನೋಡಿ. ಸಮತಟ್ಟಾದ ನೆಲದಲ್ಲಿ ಓಡಲು ಒಂದು ಕೆ.ಜಿ. ತೂಕಕ್ಕೆ, ಒಂದು ಕಿ.ಮೀ.ಗೆ ಸುಮಾರು 1 ಕ್ಯಾಲರಿ ಬೇಕು. ನಿಮ್ಮದು 4 ಕಿ.ಮೀ., ಅಂದರೆ 70 × 4 = 280. ಸುಮ್ಮನೆ ಕೂತಿದ್ದರೂ ಆ ಅರ್ಧ ಗಂಟೆಯಲ್ಲಿ 35ರಷ್ಟು ಹೋಗ್ತಿತ್ತು, ಕೂಡಿಸಿದರೆ 315. ಹಾಗಾಗಿ ಮಷಿನ್ ಸುಳ್ಳು ಹೇಳ್ತಿಲ್ಲ, ಕೂತಿದ್ದರ ಖರ್ಚನ್ನೂ ಓಟದ ಲೆಕ್ಕಕ್ಕೆ ಬರೆದಿದೆ ಅಷ್ಟೇ. ಊಟದ ಲೆಕ್ಕ ಇಡೋರಾದರೆ 280 ಹಿಡಿಯಿರಿ. ಆ 35 ದಿನದ ಒಟ್ಟು ಅಗತ್ಯದಲ್ಲಿ ಆಗಲೇ ಸೇರಿರುತ್ತೆ.

ಉತ್ತರ: ವೇಗದ ಪ್ರಶ್ನೆಗೆ: ಅದೇ 4 ಕಿ.ಮೀ.ಯನ್ನು 24 ನಿಮಿಷದಲ್ಲಿ ಮುಗಿಸಿದರೂ ಹೆಚ್ಚುಕಮ್ಮಿ 280ಏ. ಅರ್ಧ ಗಂಟೆ ಪೂರ್ತಿ 10ರ ವೇಗದಲ್ಲಿ ಓಡಿದರೆ 5 ಕಿ.ಮೀ. ಆಗುತ್ತೆ, ಆಗ 350. ಸಮಯ ಕಡಿಮೆ ಇರೋರಿಗೆ ವೇಗದಿಂದ ಲಾಭ. ಮಂಡಿ ನೋವಿದ್ದರೆ ನಿಧಾನವಾಗಿ ಹೆಚ್ಚು ದೂರ ಹೋಗೋದೇ ಜಾಣತನ. ಮಧ್ಯೆ ಮಧ್ಯೆ ನಡೆದರೆ ಆ ದೂರವನ್ನು ಬೇರೆ ಮಾಡಿ, ಅರ್ಧದಷ್ಟೇ ಹಿಡಿಯಿರಿ. ಓಟದಲ್ಲಿ ಪ್ರತಿ ಹೆಜ್ಜೆಗೂ ಎರಡೂ ಪಾದ ನೆಲ ಬಿಡಬೇಕು, ನಡಿಗೆಯಲ್ಲಿ ಆ ಕೆಲಸ ಇಲ್ಲ.

ಉತ್ತರ: ಮೇಲಿನ ಸೂತ್ರ ಸಪಾಟು ನೆಲಕ್ಕೆ. ಟ್ರೆಡ್‌ಮಿಲ್‌ನಲ್ಲಿ ಇನ್‌ಕ್ಲೈನ್ (ಏರು) 5 ಶೇಕಡಾ ಇಟ್ಟರೆ 280 ಇದ್ದದ್ದು 340ರ ಹತ್ತಿರ ಹೋಗುತ್ತೆ. ಆದರೆ ಕಂಬಿ ಹಿಡಿದುಕೊಂಡು ಓಡಬೇಡಿ! ಅರ್ಧ ಭಾರ ಕೈ ಮೇಲೆ ಬಿಟ್ಟರೂ ಪರದೆಯ ಮೇಲಿನ ಅಂಕಿ ಇಳಿಯಲ್ಲ, ನಿಜವಾದ ಖರ್ಚು ಮಾತ್ರ ಇಳಿಯುತ್ತೆ. ಸಡಿಲ ಮರಳಿನಲ್ಲಿ ಓಡಿದರೆ ಗಟ್ಟಿ ನೆಲದ ಸುಮಾರು ಒಂದೂವರೆ ಪಟ್ಟು ಖರ್ಚು.

ಉತ್ತರ: ವಾಚ್ 400 ಯಾಕೆ ತೋರಿಸುತ್ತೆ ಅಂದರೆ, ಅದು ಕ್ಯಾಲರಿ ಅಳೆಯೋದಿಲ್ಲ, ಎದೆಬಡಿತ ನೋಡಿ ಊಹಿಸುತ್ತೆ. ಸೆಕೆ, ನಿದ್ದೆಗೇಡು, ಕಾಫಿ, ನೀರು ಕಡಿಮೆ ಕುಡಿದಿರೋದು, ಇವೆಲ್ಲ ಬಡಿತ ಏರಿಸುತ್ತವೆ. ಖರ್ಚು ಅಷ್ಟೇ ಪ್ರಮಾಣದಲ್ಲಿ ಏರಲ್ಲ. ಪಟ್ಟಿ ಸಡಿಲವಾಗಿದ್ದರೆ ಇನ್ನೂ ತಮಾಷೆ: ನಿಮಿಷಕ್ಕೆ 160 ಹೆಜ್ಜೆ ಹಾಕಿದರೆ ಅದನ್ನೇ ಎದೆಬಡಿತ ಅಂದುಕೊಳ್ಳೋದುಂಟು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಅಲುಗಾಡದ ಹಾಗೆ ಕಟ್ಟಿ. ಸೆಟ್ಟಿಂಗ್‌ನಲ್ಲಿ ವಯಸ್ಸು, ತೂಕ ಸರಿಯಿದೆಯಾ ನೋಡಿ. ಬೆವರು ಸುರಿದಷ್ಟೂ ಕೊಬ್ಬು ಕರಗಿತು ಅನ್ನೋರ ಮಾತು ಕೇಳಬೇಡಿ, ಓಟ ಮುಗಿದ ಕೂಡಲೇ ತಕ್ಕಡಿಯಲ್ಲಿ ಇಳಿದಿರೋದು ಬಹುಪಾಲು ನೀರು.

ಉತ್ತರ: ಒಂದು ಬಿಟ್ಟುಹೋಯ್ತು. ತೂಕ ಇಳಿದ ಹಾಗೆ ಖರ್ಚೂ ಇಳಿಯುತ್ತೆ. 63 ಕೆ.ಜಿ.ಗೆ ಬಂದರೆ ಅದೇ 4 ಕಿ.ಮೀ.ಗೆ 252 ಮಾತ್ರ. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಅಂತ ಹಿಡಿದರೆ, ದಿನಕ್ಕೆ 280ರಂತೆ 27-28 ಓಟ ಬೇಕು, ಅದೂ ಓಡಿದ್ದೀನಿ ಅಂತ ಒಂದು ತುತ್ತು ಹೆಚ್ಚು ತಿನ್ನದೆ ಇದ್ದರೆ.