ಹಾವು ಕಡಿತ: ಊರಿನವರ ಅರಿವು ಅಳೆಯಲು ಒಳ್ಳೆಯ ಪ್ರಶ್ನೆಗಳು ಬೇಕು

ನಮಸ್ಕಾರ. ಹಿರಿಯೂರು ಕಡೆಯ ನಮ್ಮ ಹಳ್ಳಿಯಲ್ಲಿ ಹಾವು ಕಡಿತದ ಬಗ್ಗೆ ಮನೆಮನೆ ಸಮೀಕ್ಷೆ ಮಾಡಬೇಕೆಂದಿದ್ದೇವೆ. ಜಾಗೃತಿ ಸಭೆಗೆ ಮೊದಲು ಒಮ್ಮೆ, ಕೆಲವು ತಿಂಗಳ ನಂತರ ಮತ್ತೊಮ್ಮೆ, ಅದೇ ಪ್ರಶ್ನೆಗಳು. ತೊಡಕು ಇಷ್ಟೇ: "ಆಸ್ಪತ್ರೆಗೆ ಹೋಗಬೇಕು, ಗೊತ್ತಲ್ವಾ?" ಎಂದರೆ ಎಲ್ಲರೂ ಸುಮ್ನೆ ಹೌದು ಅನ್ನುತ್ತಾರೆ. ಆದರೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ನಾಟಿ ಮದ್ದಿಗೆ ಓಡುವುದು ನಿಂತಿಲ್ಲ. ಕಟ್ಟುಹಾವು ರಾತ್ರಿ ಮಲಗಿದ್ದಾಗ ಕಡಿದರೆ ನೋವು, ಊತ ಅಷ್ಟಾಗಿ ಇರುವುದಿಲ್ಲ. ಜನ ಬೆಳಗಿನವರೆಗೆ ಕಾಯುತ್ತಾರೆ. ನನಗೆ ಜಾಸ್ತಿ ಭಯ ಇದೇ.

"ನಡುರಾತ್ರಿ ಹೀಗಾದರೆ ಮೊದಲು ಏನು ಮಾಡುತ್ತೀರಿ?" ಅನ್ನುವಂಥ ಐದಾರು ಪ್ರಶ್ನೆ ಬರೆದುಕೊಡಬಲ್ಲ ವೈದ್ಯರು, ಮೇಷ್ಟ್ರುಗಳು ಇದ್ದೀರಾ? ಓದಲು ಬಾರದವರಿಗೆ ತೋರಿಸಲು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲದ ಸ್ಪಷ್ಟ ಫೋಟೋಗಳೂ ಬೇಕು. ಮಳೆಗಾಲಕ್ಕೆ ಮುಂಚೆ ಸಿಕ್ಕರೆ ತುಂಬಾ ಉಪಕಾರವಾಗುತ್ತದೆ.