ಸಹಾಯ ಬೇಕು: ಮಕ್ಕಳಿಗೆ ಬೋಲೈನ್ ಗಂಟು ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಮಕ್ಕಳ ಜೊತೆ ಕೊಡಚಾದ್ರಿ ಹತ್ತಬೇಕು ಅಂತಿದ್ದೇವೆ. ಮಗಳಿಗೆ 9, ಮಗನಿಗೆ 7. ಬೆಂಗಳೂರಿನ ನಮ್ಮ ತಾರಸಿ ಮೇಲೆ ಈಗಲೇ ಅಭ್ಯಾಸ ಶುರು.

ದಿಕ್ಕು ಹುಡುಕುವುದು ಇಬ್ಬರಿಗೂ ಬಂತು. ಕೋಲು ನಿಲ್ಲಿಸಿ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು, 20 ನಿಮಿಷ ಬಿಟ್ಟು ಇನ್ನೊಂದು. ಮೊದಲನೆಯದು ಪಶ್ಚಿಮ, ಎರಡನೆಯದು ಪೂರ್ವ. ಧ್ರುವ ನಕ್ಷತ್ರ ಮಾತ್ರ ಕಾಣುವುದಿಲ್ಲ. ನಮ್ಮಲ್ಲಿ ಅದು ಸುಮಾರು 13 ಡಿಗ್ರಿ ಎತ್ತರದಲ್ಲಷ್ಟೇ ಇರುವುದು, ಎದುರಿನ ಕಟ್ಟಡ ಮುಚ್ಚಿಬಿಡುತ್ತದೆ.

ತೊಂದರೆ ಗಂಟಿನದು. ಬೋಲೈನ್ ಕುಣಿಕೆ ಎಳೆದರೂ ಬಿಗಿಯಾಗಬಾರದು ಅಲ್ವಾ? ಮಗ ಪ್ರತಿ ಸಲ ಹಾಕುವುದು ಜೀರುಕುಣಿಕೆ. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹಗ್ಗ ಬೇರೆ ಜಾರುತ್ತದೆ. ಪುಟ್ಟ ಬೆರಳಿಗೆ ಎಷ್ಟು ದಪ್ಪದ ನೂಲಿನ ಹಗ್ಗ ಒಳ್ಳೆಯದು? ಹಂತಗಳು ನೆನಪಿರುವಂಥ ಕನ್ನಡದ ಕಥೆಯೋ ಪದ್ಯವೋ ಗೊತ್ತಿದ್ದರೆ ದಯವಿಟ್ಟು ತಿಳಿಸಿ.